ನಮ್ಮವರೆಲ್ಲ ಬಂದ್ರು

ಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಇಲ್ಲ, ಸಿಕ್ಕಿಕೊಂಡಿರಲಿಲ್ಲ ಅನ್ನುವವರು ಈಗಲೇ ಫೋನು ಕೆಳಗಿಟ್ಟು ನಿಮ್ಮ ನಿಮ್ಮ ಕೆಲಸ ನೋಡಿಕೊಳ್ಳಿ. ‘ಅಜ್ಜನಿಗೆ ವಯಸ್ಸಾಯಿತು, ಎಲ್ಲ ಕಲಸುಮೇಲೋಗರ ಮಾಡಿ ಹೇಳುತ್ತಾರೆ’ ಎಂದು ವಾಟ್ಸಾಪ್ ಗುಂಪಿನಲ್ಲಿ ಬರೆದವನು ಯಾರೆಂದು ನನಗೆ ಗೊತ್ತು. ಲೋ, ಆ ಹೊತ್ತಿನಲ್ಲಿ ನೀನು ಕಾರು ನಿಲ್ಲಿಸಲು ಜಾಗ ಸಿಗದೆ ಬೀದಿ ಸುತ್ತುತ್ತಿದ್ದೆ. ನಾನು ಪೆಟ್ಟಿಗೆಯ ಬಲಗಡೆಯ ಹಿಡಿಕೆ ಹಿಡಿದಿದ್ದೆ. ಹಿತ್ತಾಳೆ ಹಿಡಿಕೆ, ಒಂದು ತಿರುಪು ಸಡಿಲ. ಇಡೀ ಜನ್ಮ ಬೀಗ ಬಿಚ್ಚಿ ಕೀಲಿಕೈ ಕಡೆದವನು ನಾನು, ತಿರುಪು ಸಡಿಲವೋ ಬಿಗಿಯೋ ಎಂದು ನನಗೆ ನೀನು ಹೇಳಿಕೊಡಬೇಡ. ಸುಮ್ಮನೆ ಕೇಳು.

ಪೆಟ್ಟಿಗೆಯ ಒಳಗಿದ್ದವಳು ಜಿಪ್ಪಮ್ಮ. ಕೆಳಗೆ ಅಂಗಡಿ, ಮೇಲೆ ಮನೆ. ಬ್ಯಾಗಿನ ಜಿಪ್ಪು, ಕೋಟಿನ ಜಿಪ್ಪು, ಬೂಟಿನ ಜಿಪ್ಪು, ಹಲ್ಲು ಮುರಿದದ್ದು, ಬಾಯಿ ಕಚ್ಚಿಕೊಂಡದ್ದು, ಎಲ್ಲವೂ ಅವಳ ಹೊಲಿಗೆ ಮೆಶೀನಿನ ಕೆಳಗೆ ಬಂದು ಸರಿಯಾಗಿ ಹೋಗುತ್ತಿತ್ತು. ನನ್ನ ಅಂಗಡಿಗೂ ಅವಳ ಅಂಗಡಿಗೂ ನಡುವೆ ಒಂದೇ ಗೋಡೆ. ಅವಳು ಕೆಮ್ಮಿದರೆ ನನ್ನ ಗೋಡೆಗೆ ತೂಗುಹಾಕಿದ ಕೀಲಿಕೈಗಳು ಅಲುಗುತ್ತಿದ್ದವು. ಈ ಕತೆಯಲ್ಲಿ ನನ್ನದು ಅಷ್ಟೇ. ಮಿಕ್ಕದ್ದೆಲ್ಲ ಅವರ ಮನೆಯದು.

ಮೆಟ್ಟಿಲ ಕೆಳಗೆ ಊರುಗೋಲು ಹಿಡಿದು ಹೆಡ್‌ಮೇಡಂ ನಿಂತಿದ್ದಳು. ಜಿಪ್ಪಮ್ಮನ ಗಂಡನ ಅಕ್ಕ. ಶಾಲೆಯ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು, ಆದರೂ ದನಿಯಲ್ಲಿ ಇನ್ನೂ ಶಾಲೆಯ ಗಂಟೆ ಇತ್ತು.

“ಎಡಕ್ಕೆ! ಎಡಕ್ಕೆ ಅಂದ್ರೆ ಯಾವ ಕಡೆ ಅಂತ ಗೊತ್ತಾಗಲ್ವಾ ನಿಮಗೆ? ತಲೆ ಮೊದ್ಲು ಬರ್ಲಿ!”

“ತಲೆ ಮೊದ್ಲು ಬಂದ್ರೆ ಕಾಲು ಗೋಡೆಗೆ ಹೊಡೆಯುತ್ತಮ್ಮಾ,” ಎಂದ ಅವಳ ಮಗ. ವಿಮೆ ಏಜೆಂಟು. ಸಾವಿನ ಮನೆಗೂ ಹೊಸ ಬೂಟು ಹಾಕಿಕೊಂಡು ಬಂದಿದ್ದ.

“ಹೊಡೀಲಿ ಬಿಡು. ಅವಳಿಗೇನು ನೋವಾಗುತ್ತಾ?”

ಪೆಟ್ಟಿಗೆಯ ಮುಂದುಗಡೆ ಇದ್ದವನು ಲಿಫ್ಟಪ್ಪ, ಜಿಪ್ಪಮ್ಮನ ಗಂಡ. ಲಿಫ್ಟು ರಿಪೇರಿ ಅವನ ಕೆಲಸವಾಗಿತ್ತು. ಮಾತು ಕಡಿಮೆ, ಅದರಲ್ಲೂ ಅಕ್ಕನ ಮುಂದೆ ಮಾತೇ ಇಲ್ಲ. ಅವನು ಅಕ್ಕನ ಕಡೆ ನೋಡದೆ ಪೆಟ್ಟಿಗೆಯನ್ನು ಮೆಟ್ಟಿಲ ಕಂಬಿಯ ಮೇಲಕ್ಕೆ ಎತ್ತಿದ. ನಾವೂ ಎತ್ತಿದೆವು. ಪೆಟ್ಟಿಗೆ ಬಿಟ್ಟುಕೊಂಡಿತು. ಕಾಲು ಗೋಡೆಗೆ ಹೊಡೆಯಲಿಲ್ಲ.

ಬಾಗಿಲಲ್ಲಿ ಹೆಡ್‌ಮೇಡಂ ಬೆರಳೆತ್ತಿ ತಲೆ ಎಣಿಸಲು ಶುರು ಮಾಡಿದಳು. “ನಮ್ಮವರೆಲ್ಲ ಈ ವ್ಯಾನಿಗೆ. ಬೀದಿಯವರು ಹಿಂದಿನ ಕಾರಿಗೆ.” ನನ್ನನ್ನು ನೋಡಿ ಬೆರಳು ಹಿಂದಿನ ಕಾರಿನತ್ತ ತಿರುಗಿತು.

“ಕೀಲಿ ಮಾವ ನಮ್ಮ ಜೊತೆ ಬರ್ತಾರೆ,” ಎಂದು ಪಿನ್ನು ನನ್ನ ತೋಳು ಹಿಡಿದು ವ್ಯಾನಿಗೆ ಹತ್ತಿಸಿದಳು.

ಪಿನ್ನು ಎಂದರೆ ಜಿಪ್ಪಮ್ಮನ ಒಬ್ಬಳೇ ಮಗಳು. ಚಿಕ್ಕವಳಿದ್ದಾಗ ಅಂಗಡಿಯ ನೆಲದಲ್ಲಿ ಅಯಸ್ಕಾಂತ ಹಿಡಿದು ಗುಂಡುಪಿನ್ನು ಆರಿಸುತ್ತಿದ್ದಳು, ಅದೇ ಹೆಸರು ಉಳಿಯಿತು. ಈಗ ಹಲ್ಲಿನ ಡಾಕ್ಟರ ಹತ್ತಿರ ನರ್ಸು, ಒಂದು ಹೆಣ್ಣು ಮಗುವಿನ ತಾಯಿ. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು, ಮುಂದೆ ಕೂತವರಿಗೆ ಕೇಳಿಸದ ಹಾಗೆ ಕೇಳಿದಳು.

“ಮಾವ, ಅಮ್ಮ ಆಸ್ಪತ್ರೆಯಲ್ಲಿ ಒಂದು ವಿಷಯ ಹೇಳಿದಳು. ಹೊಳೆ ವಿಷಯ. ಅದು ನಿಜಾನಾ?”

“ಏನಂದಳು?”

ಹೇಳಿದಳು. ನಾನು ಹೌದು ಎಂದೆ.

“ಇಷ್ಟು ವರ್ಷ ನಾನು ಅದನ್ನ ಆಟ ಅಂದ್ಕೊಂಡು ಚಪ್ಪಾಳೆ ತಟ್ಟಿದೀನಿ,” ಎಂದಳು. ಅವಳ ಕತ್ತು ಕೆಂಪಾಗಿತ್ತು. “ಅತ್ತೆ ಇವತ್ತು ಒಪ್ಕೋಬೇಕು. ಅಮ್ಮನ್ನ ಬಿಟ್ಟು ಹೋದೆ, ತಪ್ಪಾಯ್ತು ಅಂತ ಎಲ್ಲರ ಮುಂದೆ ಹೇಳ್ಬೇಕು. ಹೇಳಿಸದೆ ನಾನು ಮನೆಗೆ ಹೋಗಲ್ಲ.”

“ಆಕೆ ಬಾಯಿ ಬಿಡ್ತಾಳೇನೇ?”

“ಬಾಯಿ ಬಿಡಿಸೋದೇ ನನ್ನ ಕಸುಬು.”

*

ಆಗ ಪಿನ್ನು ಎದೆಹಾಲು ಕುಡಿಯುವ ಕೂಸು.

ಊರ ಹೊರಗೆ ಹೊಳೆ ಎರಡು ಕವಲಾಗಿ ಹರಿಯುತ್ತದಲ್ಲ, ಆ ಜಾಗ. ದಡದಲ್ಲಿ ನಿಸರ್ಗ ಕೇಂದ್ರದ ಕಟ್ಟಡ. ಎದುರಿನ ನಡುಗಡ್ಡೆಯಲ್ಲಿ ಯಾರೂ ಕೊಡಲಿ ಹಾಕಬಾರದೆಂದು ಬಿಟ್ಟ ಕಾಡು, ಆಳೆತ್ತರದ ಜೊಂಡು, ಜೊಂಡಿನ ನಡುವೆ ಹಲಗೆಯ ದಾರಿ, ದಾರಿಯ ತುದಿಯಲ್ಲಿ ಹಕ್ಕಿ ನೋಡಲು ಕಟ್ಟಿದ ಮರದ ಗುಡಿಸಲು. ಹೋಗಿ ಬರಲು ದೋಣಿ ಒಂದೇ ದಾರಿ. ಹೊಸದಾಗಿ ತೆರೆದಿದ್ದರು, ಊರಿಗೆ ಊರೇ ಹೋಗಿ ನೋಡುತ್ತಿತ್ತು. ಹೆಡ್‌ಮೇಡಂ ಕೂಡ ತನ್ನ ಸಂಸಾರವನ್ನು ಹೊರಡಿಸಿದಳು. ಅವಳ ಗಂಡ, ಅವಳ ಮಕ್ಕಳು, ತಮ್ಮ ಲಿಫ್ಟಪ್ಪ, ಜಿಪ್ಪಮ್ಮ, ಕೂಸು.

ಅವಳು ತಲೆ ಎಣಿಸುವ ರೀತಿ ಒಂದಿತ್ತು. ಶಾಲೆಯಲ್ಲಿ ಬಂದ ಅಭ್ಯಾಸ. ಬಸ್ಸು ಹತ್ತುವಾಗ, ಸಿನಿಮಾ ಬಿಟ್ಟಾಗ, ಮದುವೆ ಮನೆಯಿಂದ ಹೊರಡುವಾಗ, ಬಾಗಿಲಲ್ಲಿ ನಿಂತು ಒಬ್ಬೊಬ್ಬರ ತಲೆ ಮುಟ್ಟುವಳು. ಮೊದಲು ತನ್ನ ಮಕ್ಕಳು, ಆಮೇಲೆ ಗಂಡ, ಆಮೇಲೆ ತಮ್ಮ, ಆಮೇಲೆ ತಮ್ಮನ ಮಗು. ತಮ್ಮನ ಹೆಂಡತಿಯ ತಲೆಗೆ ಆ ಬೆರಳು ತಾಗುತ್ತಿರಲಿಲ್ಲ. ಅವಳು ಚೀಲದ ಜೊತೆ ಬರುವವಳು. ಚೀಲ ಬಂದರೆ ಅವಳೂ ಬಂದ ಹಾಗೆ.

ಅವತ್ತು ಕೊನೆಯ ದೋಣಿ. ಎಲ್ಲರೂ ಹತ್ತಿದರು, ಜಿಪ್ಪಮ್ಮ ಚೀಲವನ್ನು ದೋಣಿಯಲ್ಲಿಟ್ಟು ಕೂಸನ್ನು ಎತ್ತಿಕೊಂಡು ದೋಣಿ ಹತ್ತುವ ಹಲಗೆಯ ಮೇಲೆ ಕಾಲಿಟ್ಟಿದ್ದಳು.

“ನನ್ನ ಕನ್ನಡಕ ಆ ಗುಡಿಸಲಲ್ಲೇ ಬಿಟ್ಟೆ ಕಣೇ. ಓಡು, ತಗೊಂಡ್ಬಾ,” ಎಂದಳು ಹೆಡ್‌ಮೇಡಂ.

ಜಿಪ್ಪಮ್ಮ ಕೂಸನ್ನು ಗಂಡನ ಕೈಗೆ ಕೊಟ್ಟು ಓಡಿದಳು. ದೋಣಿಯವನು ಅವಸರ ಮಾಡಿದ. ಹೆಡ್‌ಮೇಡಂ ಎದ್ದು ನಿಂತು ತಲೆ ಮುಟ್ಟಿ ಮುಟ್ಟಿ ಎಣಿಸಿದಳು. ಮಕ್ಕಳಿದ್ದರು, ಗಂಡ ಇದ್ದ, ತಮ್ಮ ಇದ್ದ, ಕೂಸಿತ್ತು. ಚೀಲವೂ ಇತ್ತು.

“ನಮ್ಮವರೆಲ್ಲ ಬಂದ್ರು, ಬಿಡಪ್ಪ.”

ನಡುನೀರಿನಲ್ಲಿ ಕೂಸು ಅತ್ತಿತು. ಲಿಫ್ಟಪ್ಪ ಹಿಂದೆ ತಿರುಗಿ, “ಅವಳೆಲ್ಲಿ?” ಎಂದ. ದೋಣಿಯವನು ಹುಟ್ಟು ನಿಲ್ಲಿಸಿ, ತಿರುಗಿಸಲೇ ಎಂದು ಕೇಳಿದ.

“ಬೇಡ, ಬೇಡ. ಮಕ್ಕಳಿಗೆ ಹಸಿವಾಗಿದೆ. ಅಲ್ಲಿ ಗುಡಿಸಲಿದೆ, ಬಾಗಿಲಿದೆ. ಬೆಳಿಗ್ಗೆ ಮೊದಲ ದೋಣಿಗೆ ಬರ್ತಾಳೆ. ಅವಳೇನು ಚಿಕ್ಕ ಮಗುವಾ?” ಎಂದಳು ಅಕ್ಕ. ತಮ್ಮನ ಬಾಯಿ ಮುಚ್ಚಿತು.

ಇದನ್ನು ಮರುದಿನ ನನಗೆ ಹೇಳಿದವನು ಲಿಫ್ಟಪ್ಪನೇ. ನನ್ನ ಅಂಗಡಿಯ ಮುಂದೆ ನಿಂತು, ಅತ್ತು ಅತ್ತು ದನಿ ಕಟ್ಟಿದ್ದ ಕೂಸನ್ನು ಭುಜದ ಮೇಲೆ ತಟ್ಟುತ್ತ ಹೇಳಿದ. ಹೇಳುತ್ತಿರುವಾಗಲೇ ಜಿಪ್ಪಮ್ಮ ಬೀದಿಯ ತಿರುವಿನಲ್ಲಿ ಕಾಣಿಸಿದಳು. ಸೀರೆಯ ಅಂಚಿಗೆ ಕೆಸರು, ಮುಖದ ತುಂಬ ಸೊಳ್ಳೆ ಕಚ್ಚಿದ ಗಾಯ, ರವಿಕೆಯ ಮುಂದೆ ಹಾಲು ಸೋರಿ ಒಣಗಿದ ಕಲೆ. ಗಂಡನನ್ನು ನೋಡಲಿಲ್ಲ, ಕೂಸನ್ನೂ ಎತ್ತಿಕೊಳ್ಳಲಿಲ್ಲ. ನೇರ ತನ್ನ ಅಂಗಡಿಯೊಳಗೆ ಹೋದಳು. ರಾತ್ರಿ ಅಲ್ಲೇ ಉಳಿದಿದ್ದ ಹೆಡ್‌ಮೇಡಂ ಬ್ರೆಡ್ಡು ತಿನ್ನುತ್ತಿದ್ದಳು. ಜಿಪ್ಪಮ್ಮ ಕೈಯಲ್ಲಿದ್ದುದನ್ನು ಸೆರಗಿನಿಂದ ಒರೆಸಿ ತಟ್ಟೆಯ ಪಕ್ಕ ಇಟ್ಟಳು.

“ಅತ್ತಿಗೆ, ನಿಮ್ಮ ಕನ್ನಡಕ.”

ಅಷ್ಟೇ ಹೇಳಿದ್ದು. ಆಮೇಲೆ ಜ್ವರ ಹಿಡಿದು ಮಲಗಿದಳು. ಏಳುವಷ್ಟರಲ್ಲಿ ಹಾಲು ಬತ್ತಿಹೋಗಿತ್ತು. ಪಿನ್ನು ಬಾಟಲಿಯಲ್ಲೇ ಬೆಳೆದಳು.

*

ಚಿತಾಗಾರದ ಪಕ್ಕ ಒಂದು ಹಾಲ್ ಇದೆ. ಬಿಳಿ ಗೋಡೆ, ಮಡಚುವ ಕುರ್ಚಿಗಳು, ಪೆಟ್ಟಿಗೆಯ ಹಿಂದೆ ಗುಂಡಿ ಒತ್ತಿದರೆ ಸರಿಯುವ ಪರದೆ. ಯಾರಾದರೂ ಎರಡು ಮಾತಾಡುವುದಿದ್ದರೆ ಆಡಬಹುದು ಎಂದ ಅಲ್ಲಿಯ ನೌಕರ. ಯಾರೂ ಕರೆಯದೆಯೇ ಹೆಡ್‌ಮೇಡಂ ಎದ್ದಳು.

“ನನ್ನ ತಮ್ಮನ ಹೆಂಡ್ತಿಗೆ ನಾನಂದ್ರೆ ಪ್ರಾಣ,” ಎಂದು ಶುರು ಮಾಡಿದಳು. ನನ್ನ ಪಕ್ಕ ಕೂತಿದ್ದ ಪಿನ್ನು ಕುರ್ಚಿಯ ಅಂಚು ಹಿಡಿದಳು. “ಈ ಮನೆಗೆ ಬಂದಾಗ ಏನೂ ಗೊತ್ತಿರ್ಲಿಲ್ಲ, ಎಲ್ಲ ನಾನೇ ಹೇಳ್ಕೊಟ್ಟೆ. ಅದನ್ನ ಕೊನೇವರೆಗೂ ಮರೀಲಿಲ್ಲ ಅವಳು. ಪ್ರತಿ ವರ್ಷ ನಮ್ಮನ್ನೆಲ್ಲ ಹೊಳೆಗೆ ಕರ್ಕೊಂಡು ಹೋಗ್ತಿದ್ಲು. ವಾಪಸ್ ದೋಣಿ ಹತ್ತೋವಾಗ ‘ಅತ್ತಿಗೆ, ನೀವೇ ಎಣಿಸ್ಬೇಕು’ ಅಂತಿದ್ಲು. ಬೇರೆಯವರು ಎಣಿಸಿದ್ರೆ ಒಪ್ತಿರ್ಲಿಲ್ಲ. ದೊಡ್ಡವರಿಗೆ ಇಷ್ಟು ಮರ್ಯಾದೆ ಕೊಡೋರು ಈಗ ಯಾರಿದ್ದಾರೆ ಹೇಳಿ? ಆ ಒಂದು ದಿನಕ್ಕೆ ನಾನು ವರ್ಷವೆಲ್ಲ ಕಾಯ್ತಿದ್ದೆ.”

ಬೀದಿಯವರು ಮೂಗು ಒರೆಸಿಕೊಂಡರು. ಜಿಪ್ಪು ಹಾಕಿಸಿಕೊಳ್ಳಲು ಬರುತ್ತಿದ್ದ ಒಬ್ಬಳು, “ಎಂಥಾ ಅತ್ತಿಗೆ ನೋಡು,” ಎಂದಳು. ಲಿಫ್ಟಪ್ಪ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

ಪಿನ್ನು ಎದ್ದಳು. ಈಗಲೇ ಬಯ್ಯುತ್ತಾಳೆ ಅಂದುಕೊಂಡೆ. ಆದರೆ ಅವಳು ನಕ್ಕಳು. ತಾಯಿಯದೇ ನಗು.

“ಅತ್ತೆ ಹೇಳಿದ್ದು ಕೇಳಿ ಅಮ್ಮನಿಗೂ ಖುಷಿಯಾಗಿರುತ್ತೆ. ಅಮ್ಮನ ಕೊನೇ ಮಾತೂ ಅದೇ. ‘ನನ್ನನ್ನ ಸುಟ್ಟಾದ ಮೇಲೆ ಮನೆಗೆ ಹೋಗಿ ಮೂಗು ಸುರಿಸ್ಬೇಡಿ. ವ್ಯಾನು ಹೇಗೂ ತಂದಿರ್ತೀರ, ಹೊಳೆಗೆ ಹೋಗಿ’ ಅಂದಿದ್ಲು. ಇಲ್ಲಿಂದ ನೇರ ಹೋಗೋಣ.”

ಹೆಡ್‌ಮೇಡಂ ಮುಖ ಬಿಳಿಚಿತು. “ಇವತ್ತಾ? ನನ್ನ ಮಂಡಿ...”

“ವರ್ಷವೆಲ್ಲ ಕಾಯ್ತಿದ್ರಲ್ಲ ಅತ್ತೆ.”

ಹಾಲ್ ತುಂಬ ಜನ ಅವಳನ್ನೇ ನೋಡುತ್ತಿದ್ದರು. ತಾನೇ ಹಾಕಿದ ಬೀಗ, ಕೀಲಿಕೈ ತನ್ನ ಹತ್ತಿರವೇ ಇಲ್ಲ. ತಲೆ ಆಡಿಸಿದಳು. ಹಿಂದೆ ಪರದೆ ಸರಿಯಿತು.

*

ಆ ಮರ್ಯಾದೆ ಎಂಥದೆಂದು ಹೇಳುತ್ತೇನೆ.

ಹಾಲು ಬತ್ತಿದ ಮರುವರ್ಷ ಅದೇ ಕಾಲಕ್ಕೆ ಜಿಪ್ಪಮ್ಮನೇ ಎಲ್ಲರನ್ನೂ ಹೊಳೆಗೆ ಹೊರಡಿಸಿದಳು. ನನ್ನನ್ನೂ ಕರೆದಳು, ಸಾಕ್ಷಿಗೆ ಒಬ್ಬ ಹೊರಗಿನವ ಇರಲಿ ಎಂದಿರಬೇಕು. ವಾಪಸು ಬರುವಾಗ ಎಲ್ಲರೂ ದೋಣಿ ಹತ್ತಿದರು. ಜಿಪ್ಪಮ್ಮ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಕಟ್ಟೆಯ ಮೇಲೇ ನಿಂತಳು.

“ಅತ್ತಿಗೆ, ಎಣಿಸಿ.”

ಹೆಡ್‌ಮೇಡಂ ಎಣಿಸಿದಳು. “ಸರಿ ಇದೆ, ಬಾ.”

“ಇನ್ನೊಂದ್ಸಲ ಎಣಿಸಿ. ಒಂದು ತಲೆ ಬಿಟ್ಟುಹೋಗಿದೆ.”

ದೋಣಿಯಲ್ಲಿ ಬೇರೆ ಜನವೂ ಇದ್ದರು, ನಗಲು ಶುರು ಮಾಡಿದರು. ಹೆಡ್‌ಮೇಡಂ ಮತ್ತೆ ಎಣಿಸಿದಳು, ಮತ್ತೆ ನಿಲ್ಲಿಸಿದಳು. ಕೊನೆಗೆ ಊರೆಲ್ಲ ನೋಡುತ್ತಿರುವಾಗ ದೋಣಿಯಿಂದ ಇಳಿದು ಬಂದು, ತಮ್ಮನ ಹೆಂಡತಿಯ ತಲೆಯ ಮೇಲೆ ಬೆರಳಿಟ್ಟಳು.

“ಲೆಕ್ಕ ಜೋರಾಗಿ ಹೇಳಿ ಅತ್ತಿಗೆ. ದೋಣಿಯವರಿಗೆ ಕೇಳಿಸ್ಲಿ.”

ಜೋರಾಗಿ ಹೇಳಿದ ಮೇಲೆಯೇ ಜಿಪ್ಪಮ್ಮ ಹಲಗೆಯ ಮೇಲೆ ಕಾಲಿಟ್ಟದ್ದು.

ಆಮೇಲೆ ಒಂದು ವರ್ಷವೂ ತಪ್ಪಲಿಲ್ಲ. ಮಕ್ಕಳಿಗೆ ಅದು ಆಟವಾಯಿತು. ಅತ್ತೆ ಎಣಿಸುವಾಗ ಕೂಗಿ ಚಪ್ಪಾಳೆ ತಟ್ಟುತ್ತಿದ್ದರು. ದೋಣಿಯವರು ಬದಲಾದರು. ಹೊಸಬನಿಗೂ ಹಳಬ ಹೇಳಿಕೊಟ್ಟಿರುತ್ತಿದ್ದ, ಈ ಮನೆಯವರು ಬಂದರೆ ಎಣಿಸುವವರೆಗೆ ಹಗ್ಗ ಬಿಚ್ಚಬೇಡ ಎಂದು. ಹೆಡ್‌ಮೇಡಂಗೆ ಆ ತಿಂಗಳು ಬಂದರೆ ಸಾಕು, ಒಂದು ವರ್ಷ ಬೆನ್ನುನೋವು, ಒಂದು ವರ್ಷ ಯಾರದೋ ಮದುವೆ. ಜಿಪ್ಪಮ್ಮ ದಿನ ಮುಂದೂಡುತ್ತಿದ್ದಳು. “ನೀವಿಲ್ದೆ ಹೇಗೆ ಅತ್ತಿಗೆ?” ಒಮ್ಮೆ ಹೆಡ್‌ಮೇಡಂ ಕಾಲು ಮುರಿದು ಪ್ಲಾಸ್ಟರಿನಲ್ಲಿದ್ದಳು. ಜಿಪ್ಪಮ್ಮ ನಿಸರ್ಗ ಕೇಂದ್ರದಿಂದ ಗಾಲಿಕುರ್ಚಿ ಕೇಳಿ ತಂದು ತಾನೇ ತಳ್ಳಿಕೊಂಡು ಹೋದಳು. ಒಂದೊಂದು ಹಲಗೆ ದಾಟುವಾಗಲೂ ದಡಕ್, ದಡಕ್. ಪ್ರತಿ ದಡಕ್ಕಿಗೂ “ನೋವಾಯ್ತಾ ಅತ್ತಿಗೆ?” ಎಂದು ಕೇಳುತ್ತಿದ್ದಳು, ನಿಧಾನ ಮಾತ್ರ ಮಾಡಲಿಲ್ಲ.

ಬರುವುದಿಲ್ಲ ಎನ್ನಲು ಹೆಡ್‌ಮೇಡಂಗೆ ಆಗುತ್ತಿರಲಿಲ್ಲ. ಯಾಕೆ ಬರುವುದಿಲ್ಲ ಎಂದು ಮಕ್ಕಳು ಕೇಳಿದರೆ ಏನು ಹೇಳುವುದು?

ಲಿಫ್ಟಪ್ಪನನ್ನೂ ಅವಳು ಬಿಡಲಿಲ್ಲ. ಅವನ ಜೊತೆ ಬಾಳಿದಳು, ಬಡಿಸಿದಳು, ಅವನಿಗೆ ಕಾಯಿಲೆಯಾದರೆ ರಾತ್ರಿಯೆಲ್ಲ ಕೂತಳು. ಆದರೆ ನೀರಿನ ಹತ್ತಿರ ಮಗುವನ್ನು ಅವನ ಕೈಗೆ ಕೊಡಲಿಲ್ಲ. ಅವನು ಕೈ ಚಾಚುತ್ತಿದ್ದ. ಅವಳು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸುತ್ತಿದ್ದಳು. ಚಾಚಿದ ಕೈ ಹಾಗೇ ಜೇಬಿಗೆ ಹೋಗುತ್ತಿತ್ತು.

ಒಂದು ದಿನ ಗೋಡೆಯ ಈಚೆಯಿಂದ ಕೇಳಿದೆ. “ಒಂದ್ಸಲ ಮುಖದ ಮೇಲೆ ಬೈದು ಮುಗಿಸಬಾರದೇನಮ್ಮ?”

ಮೆಶೀನು ನಿಂತಿತು. “ಬೈದ್ರೆ ಮುಗಿದುಹೋಗುತ್ತಲ್ಲ ಕೀಲಿಯಣ್ಣ. ಆಕೆ ಅತ್ತು ಕರೆದು, ಎಲ್ಲರೂ ನನ್ನನ್ನೇ ಕೆಟ್ಟವಳು ಅಂದು, ಸಂಜೆ ಹೊತ್ತಿಗೆ ರಾಜಿಯಾಗಿಬಿಡುತ್ತೆ. ನನಗೆ ಮುಗಿಸೋದು ಬೇಡ.” ಮತ್ತೆ ಮೆಶೀನು ಓಡಿತು.

*

ನಿಸರ್ಗ ಕೇಂದ್ರದ ಟಿಕೆಟ್ಟಿನ ಹುಡುಗಿ ವ್ಯಾನಿನಿಂದ ಇಳಿದ ನಮ್ಮನ್ನು ನೋಡಿ ಎದ್ದು ನಿಂತಳು. ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಮುಖ ಗಂಟಿಕ್ಕಿಕೊಂಡಿದ್ದೆವಲ್ಲ.

“ತಪಾಸಣೆಗೆ ಬಂದ್ರಾ ಸಾರ್?”

“ಇಲ್ಲಮ್ಮ. ನನ್ನ ಹೆಂಡ್ತೀನ ಸುಟ್ಟು ಬಂದೆ,” ಎಂದ ಲಿಫ್ಟಪ್ಪ. ಆ ದಿನ ಅವನಾಡಿದ ಮೊದಲ ಮಾತು. ಹುಡುಗಿ ಪಾಪ, ಟಿಕೆಟ್ಟು ಹರಿಯುವುದನ್ನೇ ಮರೆತಳು.

ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಹೊಟ್ಟು ತುಂಬಿದ ನೀರುನಾಯಿ, ತೊಟ್ಟಿಯಲ್ಲಿ ಹೊಳೆಯ ಮೀನು, ಗೋಡೆಯ ಮೇಲೆ ಹಕ್ಕಿಗೂಡುಗಳು. ಮಕ್ಕಳಿಗೆಂದು ಒಂದು ಮರದ ಡಬ್ಬ ಇಟ್ಟಿದ್ದಾರೆ. ದುಂಡನೆಯ ತೂತಿನೊಳಗೆ ಕೈ ಹಾಕಿ, ಕಾಣದೆ ಮುಟ್ಟಿ, ಏನೆಂದು ಹೇಳಬೇಕು. ಪಿನ್ನುವಿನ ಮಗಳು ಭುಜದವರೆಗೆ ಕೈ ತೂರಿಸಿದಳು. “ಮುಳ್ಳು! ಮುಳ್ಳುಹಂದಿ ಮುಳ್ಳು!”

“ನೀವೂ ಕೈ ಹಾಕಿ ಅತ್ತೆ,” ಎಂದಳು ಪಿನ್ನು.

“ಹೋಗೇ, ನನಗ್ಯಾಕೆ ಇದೆಲ್ಲ.”

“ಒಳಗೇನಿದೆ ಅಂತ ಹೊರಗಿನವರಿಗೆ ಗೊತ್ತಾಗಲ್ಲ ಅನ್ನೋ ಧೈರ್ಯಾನಾ?”

ಹೆಡ್‌ಮೇಡಂ ಅವಳ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದಳು. ಈ ಹುಡುಗಿಗೆ ಗೊತ್ತಾಗಿದೆ ಎಂದು ಅರ್ಥವಾಯಿತು. ಊರುಗೋಲು ಕುಟ್ಟುತ್ತ ದೋಣಿಯ ಕಡೆ ನಡೆದಳು.

ಹೊಳೆ ದಾಟಿ, ಹಲಗೆಯ ದಾರಿಯಲ್ಲಿ ಸಾಗಿ, ಗುಡಿಸಲು ಸೇರಿದೆವು. ಒಳಗೆ ಕತ್ತಲು, ಒಂದು ಉದ್ದನೆಯ ಬೆಂಚು, ಕಣ್ಣಿನ ಎತ್ತರಕ್ಕೆ ಒಂದು ಉದ್ದ ಕಿಂಡಿ. ‘ಪಿಸುಮಾತು ಮಾತ್ರ’ ಎಂದು ಬೋರ್ಡು. ಮೂಲೆಯಲ್ಲಿ ದೊಡ್ಡ ಕ್ಯಾಮೆರಾ ಹಿಡಿದ ಒಬ್ಬ ಮನುಷ್ಯ ಕೂತಿದ್ದ. ಲಿಫ್ಟಪ್ಪ ಹೋಗಿ ಕಿಂಡಿಗೆ ಹಣೆ ಹಚ್ಚಿ ನಿಂತ.

ಪಿನ್ನು ಅತ್ತೆಯ ಪಕ್ಕವೇ ಕೂತಳು. ಪಿಸುಗುಟ್ಟಿದಳು.

“ಅತ್ತೆ, ಅವತ್ತು ಕನ್ನಡಕ ಬಿಟ್ಟಿದ್ದು ಈ ಬೆಂಚಿನ ಮೇಲೇನಾ?”

“ಯಾವತ್ತು?”

“ನಾನು ಕೂಸಾಗಿದ್ದಾಗ.”

“ಅಷ್ಟು ಹಳೇದನ್ನ ಯಾರು ನೆನಪಿಟ್ಕೋತಾರೆ? ಅಲ್ನೋಡು, ನೀರುಕಾಗೆ ರೆಕ್ಕೆ ಒಣಗಿಸ್ತಾ ಇದೆ.”

“ನೀರುಕಾಗೆ ಒಣಗಿಸ್ಕೊಳ್ಲಿ. ಅಮ್ಮನ್ನ ಇಲ್ಲಿಗೆ ಕಳಿಸಿದ್ದು ನೀವು. ಆಮೇಲೆ ಎಣಿಸಿದ್ದೂ ನೀವು.”

“ಶ್!” ಎಂದ ಕ್ಯಾಮೆರಾದವನು.

“ನೀವು ಶ್ ಅನ್ನಿ, ಪರವಾಗಿಲ್ಲ,” ಎಂದು ಅವನಿಗೂ ಪಿಸುಗುಟ್ಟಿ ಪಿನ್ನು ಮತ್ತೆ ಈ ಕಡೆ ತಿರುಗಿದಳು. “ಅತ್ತೆ, ಎಣಿಸೋದ್ರಲ್ಲಿ ತಪ್ಪಾಯ್ತು ಅಂತ ಒಂದು ಮಾತು ಹೇಳಿ. ಇಲ್ಲೇ, ಎಲ್ಲರ ಮುಂದೆ. ಅಷ್ಟೇ ಸಾಕು. ಆಮೇಲೆ ನಾನು ಈ ವಿಷಯ ಎತ್ತಲ್ಲ, ನಿಮ್ಮನ್ನ ಇಲ್ಲಿಗೆ ಕರ್ಕೊಂಡೂ ಬರಲ್ಲ.”

ಒಂದು ಮಾತು. ಆಡಿದ್ದರೆ ಬಿಡುಗಡೆ. ಹೆಡ್‌ಮೇಡಂ ಕೂಡ ಆಡುವುದರಲ್ಲೇ ಇದ್ದಳು, ತುಟಿ ಅಲುಗಿದ್ದನ್ನು ನಾನು ನೋಡಿದೆ. ಆದರೆ ತಪ್ಪು ಎಂಬ ಶಬ್ದ ಹೊರಗೆ ಬರಲಿಲ್ಲ. ಊರುಗೋಲು ನೆಲಕ್ಕೆ ಕುಟ್ಟಿ ಎದ್ದಳು. ಪಿಸುಮಾತು ಹೋಗಿ ಶಾಲೆಯ ಗಂಟೆ ಹೊಡೆಯಿತು.

“ನನ್ನ ಲೆಕ್ಕ ತಪ್ಪೋದಾ? ಶಾಲೆಯಲ್ಲಿದ್ದಷ್ಟು ದಿನ ಒಂದೇ ಒಂದು ಮಗೂನ ಹಿಂದೆ ಬಿಟ್ಟವಳಲ್ಲ ನಾನು!”

“ಹಾಗಾದ್ರೆ ಅಮ್ಮ?”

“ನಾನು ನಮ್ಮವರನ್ನ ಎಣಿಸ್ದೆ. ನಮ್ಮವರೆಲ್ಲ ಇದ್ರು. ಲೆಕ್ಕ ಸರಿಯಾಗೇ ಇತ್ತು!”

ನೀರುಕಾಗೆ ಹಾರಿಹೋಯಿತು. ಕ್ಯಾಮೆರಾದವನು ಚೀಲ ಕಟ್ಟಿಕೊಂಡು ಹೊರನಡೆದ. ಪಿನ್ನು ಬಾಯೇನೋ ಬಿಡಿಸಿದ್ದಳು, ಹಲ್ಲು ಮಾತ್ರ ಬೇರೆಯದೇ ಕೈಗೆ ಬಂದಿತ್ತು. ಅವಳು ಸೋತ ಮುಖ ಮಾಡಿಕೊಂಡು ಮಗಳ ಕೈ ಹಿಡಿದಳು.

ಲಿಫ್ಟಪ್ಪ ಕಿಂಡಿಯಿಂದ ಹಣೆ ತೆಗೆದ. ಹಣೆಯ ಮೇಲೆ ಮರದ ಗೆರೆ ಮೂಡಿತ್ತು. ಯಾರ ಮುಖವನ್ನೂ ನೋಡದೆ ಬಾಗಿಲು ದೂಡಿಕೊಂಡು ಹೊರಗೆ ಹೋದ.

ದೋಣಿ ಕಟ್ಟೆಯ ಕಡೆ ಎಲ್ಲರೂ ಹೊರಟೆವು. ಹೆಡ್‌ಮೇಡಂ ಹಿಂದೆ ಬಿದ್ದಳು. ಮಗ ತೋಳು ಕೊಡಲು ಹೋದರೆ ಕೊಡವಿದಳು.

“ನನಗೆ ನಡೆಯೋಕೆ ಬರುತ್ತೆ. ನೀನು ಮುಂದೆ ಹೋಗಿ ದೋಣಿ ನಿಲ್ಲಿಸು. ನಾನು ಬಂದು ಎಣಿಸ್ತೀನಿ.”

ನಾವು ದೋಣಿಯಲ್ಲಿ ಕೂತೆವು. ದೋಣಿಯವನು ವಾಡಿಕೆಯಂತೆ ಹಗ್ಗ ಬಿಚ್ಚದೆ ಕಾದ. ಆಗ ಲಿಫ್ಟಪ್ಪ ಎದ್ದು ನಿಂತ. ಗ್ರೀಸು ಗೆರೆಗಳಲ್ಲೇ ಉಳಿದುಹೋದ ಆ ಒರಟು ಅಂಗೈ ಚಾಚಿ, ಮೊಮ್ಮಗಳ ತಲೆ ಮುಟ್ಟಿದ. ಪಿನ್ನುವಿನ ತಲೆ ಮುಟ್ಟಿದ. ಅಕ್ಕನ ಮಗನ ತಲೆ, ನನ್ನ ತಲೆ. ಪಿನ್ನುವಿನ ಪಕ್ಕದಲ್ಲಿ ಕೂರುವ ಹಲಗೆ ಖಾಲಿ ಇತ್ತು. ಬಗ್ಗಿ ಅದರ ಮೇಲೂ ಅಂಗೈ ಇಟ್ಟ.

“ನಮ್ಮವರೆಲ್ಲ ಬಂದ್ರು, ಬಿಡಪ್ಪ.”

ದೋಣಿಯವನು ಹಲಗೆಯ ದಾರಿಯತ್ತ ನೋಡಿದ. “ಅಜ್ಜಿ ಬರ್ತಾ ಇದ್ದಾರಲ್ಲ ಯಜಮಾನ್ರೇ?”

“ಅವರು ಮುಂದಿನ ದೋಣಿಗೆ ಬರ್ತಾರೆ.”

“ಮಾವ!” ಎಂದು ವಿಮೆಯವನು ಅರ್ಧ ಎದ್ದ. “ಅವರು ನನ್ನ ತಾಯಿ!”

“ಇಳೀತೀಯಾ? ಇಳಿ. ಹಲಗೆ ಇನ್ನೂ ತೆಗೆದಿಲ್ಲ.”

ಅವನು ಹಲಗೆ ನೋಡಿದ, ಕೆಸರು ನೋಡಿದ, ತನ್ನ ಬೂಟು ನೋಡಿಕೊಂಡ. ಕೂತ.

“ಅಪ್ಪಾ,” ಎಂದಳು ಪಿನ್ನು. ಬೇಡ ಎನ್ನುತ್ತಾಳೆ ಎಂದುಕೊಂಡೆ. ಅವಳು ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಗ್ಗಿ, ದೋಣಿಯವನು ಮುಟ್ಟದೆ ಬಿಟ್ಟಿದ್ದ ಹಗ್ಗವನ್ನು ತಾನೇ ಬಿಚ್ಚಿದಳು.

ಹೆಡ್‌ಮೇಡಂ ಕಟ್ಟೆಗೆ ಬಂದಾಗ ನಮಗೂ ಅವಳಿಗೂ ನಡುವೆ ಒಂದು ಮನೆ ಅಗಲದಷ್ಟು ನೀರಿತ್ತು. ಎಣಿಸಲೆಂದು ಬೆರಳು ಆಗಲೇ ಮೇಲೆತ್ತಿದ್ದಳು. ಬೆರಳು ಹಾಗೇ ನಿಂತಿತು. ಕೂಗುವುದಾದರೆ ಏನೆಂದು ಕೂಗಬೇಕು? ಲಿಫ್ಟಪ್ಪ ಅವಳಿಗೆ ಬೆನ್ನು ಹಾಕಲಿಲ್ಲ. ಎದುರಿಗೇ ನಿಂತು, ಎರಡೂ ಕೈ ಜೇಬಿನಿಂದ ಹೊರಗೆ ಬಿಟ್ಟುಕೊಂಡು, ನೋಡುತ್ತಲೇ ಇದ್ದ.

ಅಷ್ಟರಲ್ಲಿ ಜೊಂಡಿನ ದಾರಿಯಿಂದ ಯಾವುದೋ ಶಾಲೆಯ ಮಕ್ಕಳು ಗದ್ದಲ ಮಾಡುತ್ತ ಬಂದರು. ಜೊತೆಗೆ ಒಬ್ಬಳು ಚಿಕ್ಕ ವಯಸ್ಸಿನ ಟೀಚರು. ಮುಂದಿನ ದೋಣಿಗೆಂದು ಮಕ್ಕಳನ್ನು ಕಟ್ಟೆಯ ಉದ್ದಕ್ಕೂ ಸಾಲಾಗಿ ನಿಲ್ಲಿಸಿದಳು. ಹೆಡ್‌ಮೇಡಂ ಸಾಲಿನ ನಡುವೆ ಸಿಕ್ಕಿಕೊಂಡಳು. ಆ ಕಡೆ ಮಕ್ಕಳು, ಈ ಕಡೆ ಮಕ್ಕಳು. ಟೀಚರು ಒಂದು ತುದಿಯಿಂದ ತಲೆ ಮುಟ್ಟಿ ಮುಟ್ಟಿ ಎಣಿಸುತ್ತ ಬಂದಳು. ಹೆಡ್‌ಮೇಡಂ ತನಗೆ ಗೊತ್ತಿಲ್ಲದೆಯೇ ನೆಟ್ಟಗೆ ನಿಂತಳು, ತಲೆಯನ್ನು ಒಂದು ಚೂರು ಮುಂದೆ ಬಾಗಿಸಿದಳು. ಟೀಚರ ಕೈ ಅವಳ ಹತ್ತಿರ ಬಂದಿತು, ಗಾಳಿಯಲ್ಲಿ ಮೇಲೆ ಹೋಯಿತು, ಅವಳನ್ನು ದಾಟಿ ಆಚೆ ಬದಿಯ ಮಗುವಿನ ತಲೆಯ ಮೇಲೆ ಇಳಿಯಿತು.

“ಸರಿ ಇದೆ,” ಎಂದಳು ಟೀಚರು. ನೀರಿನ ಮೇಲೆ ಆ ಮಾತು ನಮ್ಮವರೆಗೂ ಕೇಳಿಸಿತು.

ನಾನು ಹೇಳುವುದು ಇಷ್ಟೇ. ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಜಿಪ್ಪಮ್ಮನ ಹತ್ತಿರ ಜಿಪ್ಪು ಹಾಕಿಸಿಕೊಂಡವರಿಗೆಲ್ಲ ಕಳಿಸಿ, ಆ ಹಾಲ್‌ನಲ್ಲಿ ಮೂಗು ಒರೆಸಿಕೊಂಡವರಿಗೆ ತಪ್ಪದೆ ಕಳಿಸಿ. ಹೆಡ್‌ಮೇಡಂ ಇನ್ನೂ ಇದ್ದಾಳೆ, ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಅವಳ ನಂಬರು ಯಾರ ಹತ್ತಿರ ಇದೆಯೋ ಅವರು ಅವಳಿಗೂ ಕಳಿಸಿ.